ಪಕ್ಕದ ಸೀಟು

"ಕಿವಿ ಹತ್ರ ಇನ್ನೊಂಚೂರು ಹಚ್ಚಿ ಅತ್ತಿಗೆ. ಗಡ್ಡ ಒರಟು, ಹಾಗೇ ಕೆರೆದ್ರೆ ಅಣ್ಣಂಗೆ ಉರಿಯುತ್ತೆ."

ಸತ್ತವರಿಗೆ ಎಂಥ ಉರಿ ಎಂದು ಯಾರೂ ಕೇಳಲಿಲ್ಲ. ಆಕೆ ಬ್ರಷ್ಷನ್ನು ಮತ್ತೆ ಬಿಸಿನೀರಿನಲ್ಲಿ ಅದ್ದಿ ಗಂಡನ ಎರಡೂ ಕೆನ್ನೆಗೆ, ಗದ್ದಕ್ಕೆ, ಮೂಗಿನ ಕೆಳಗೆ ಧಾರಾಳವಾಗಿ ನೊರೆ ಹಚ್ಚಿದಳು. ಸಿಟಿ ಬಸ್ಸು ಓಡಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ, ಒಂದು ದಿನವೂ ಗಡ್ಡ ಬಿಟ್ಟುಕೊಂಡು ಡಿಪೋ ಕಡೆ ಹೋದವನಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ದಿನ ಬೆಳೆದ ಗಡ್ಡದಲ್ಲಿ ಅವನನ್ನು ಕಳಿಸಿಕೊಡಲು ಆಕೆಗೆ ಮನಸ್ಸು ಬರಲಿಲ್ಲ. ಅದಕ್ಕೇ ಬೆಳಗಾಗುತ್ತಲೇ ಪಕ್ಕದ ಸೀಟಿಗೆ ಫೋನು ಮಾಡಿಸಿದ್ದಳು.

ಪಕ್ಕದ ಸೀಟು ಎಂದರೆ ಈಗ ಕ್ಷೌರಕ್ಕೆ ಬಂದಿದ್ದ ಈ ಸಲೂನಿನವನು. ಆಸ್ಪತ್ರೆಯಲ್ಲಿ ಔಷಧಿ ಏರಿಸಿಕೊಳ್ಳಲು ಸಾಲಾಗಿ ಹಾಕಿದ್ದ ಕುರ್ಚಿಗಳಲ್ಲಿ ಇಬ್ಬರದೂ ಅಕ್ಕಪಕ್ಕ. ಇಬ್ಬರಿಗೂ ಶ್ವಾಸಕೋಶದ ಕ್ಯಾನ್ಸರ್, ಅದೂ ಒಂದೇ ಜಾತಿಯದು. ಆ ಹೆಸರಿಟ್ಟವನು ಡ್ರೈವರೇ. ಇಟ್ಟ ಮೇಲೆ ಸಲೂನಿನವನ ನಿಜವಾದ ಹೆಸರು ಮನೆಯಲ್ಲಿ ಯಾರ ನಾಲಿಗೆಗೂ ಬರಲಿಲ್ಲ.

ಒಳಗೆ ಬರುವಾಗ ಅವನ ಎಡಭುಜ ಬಾಗಿಲ ಚೌಕಟ್ಟಿಗೆ ಜೋರಾಗಿಯೇ ಬಡಿದಿತ್ತು. ಪಾಪ, ದುಃಖದಲ್ಲಿ ಬಾಗಿಲೂ ಕಾಣಲಿಲ್ಲ ಎಂದು ಆಕೆ ಸುಮ್ಮನಾಗಿದ್ದಳು.

ಹೊಸಿಲಾಚೆ ಯಾರೋ ಪಿಸುಗುಟ್ಟಿದರು: "ಸಿಗರೇಟು ಸೇದ್ತಿದ್ರಂತಾ?"

ಬೆಳಗಿನಿಂದ ಬಂದವರೆಲ್ಲ ಕೇಳಿದ್ದು ಅದನ್ನೇ. ನಾದಿನಿಗೆ ರೇಗಿಹೋಯಿತು. "ಸೇದ್ತಿದ್ದದ್ದು ನಮ್ಮಣ್ಣ ಅಲ್ಲಮ್ಮ, ಅವನ ಬಸ್ಸು! ಹೊಗೆ ಬಿಟ್ಟಿದ್ದೂ ಅದೇ. ಹೋಗಿ ಅದನ್ನ ಕೇಳು."

ಡ್ರೈವರ್ ಜೊತೆ ದುಡಿದ ಕಂಡಕ್ಟರ್ ಬಾಗಿಲಲ್ಲಿ ತಲೆ ಹಾಕಿದ. "ಅಕ್ಕಾ, ಗಾಡಿ ಬಂದು ನಿಂತಿದೆ. ಹೊರಡೋಣ ಅಂತಿದಾರೆ."

"ಇಷ್ಟು ದಿನ ನೀನು ಸೀಟಿ ಊದಿದ ಮೇಲೇ ಇವರು ಹೊರಡೋರು. ಇವತ್ತು ಈಗ್ಲೇ ಊದ್ಬೇಡ, ತಡಿ," ಎಂದಳು ಆಕೆ. ಕಂಡಕ್ಟರ್ ನಗಲು ಹೋಗಿ, ಆಗದೆ, ಗೋಡೆ ಕಡೆ ತಿರುಗಿಕೊಂಡ.

ನಾದಿನಿ ಮೊದಲೇ ಹೇಳಿದ್ದ ಟೀ ತಂದು ಸಲೂನಿನವನ ಎಡಗಡೆ ಸ್ಟೂಲಿನ ಮೇಲಿಟ್ಟಳು. ಅವನು ಕತ್ತಿಗೆ ಹೊಸ ಬ್ಲೇಡು ಹಾಕುತ್ತಿದ್ದ. ತಲೆ ಎತ್ತದೆ ಕೇಳಿದ:

"ಅತ್ತಿಗೆ, ಮೊದಮೊದಲು ಏನಾಯ್ತು ಅಣ್ಣಂಗೆ? ನನ್ ಹತ್ರ ಬಾಯೇ ಬಿಡ್ಲಿಲ್ಲ. ಕೇಳಿದಾಗೆಲ್ಲ, ಬಸ್ಸು ಚೆನ್ನಾಗಿ ಓಡ್ತಿದೆ ಅನ್ನೋರು."

ಅವನು ಕೇಳುತ್ತಿರುವುದು ತನ್ನ ಕಾಯಿಲೆಗಾಗಿ ಎಂದು ಆಕೆಗೆ ಅರ್ಥವಾಯಿತು. ಹೇಳುವುದಕ್ಕೆ ಹೆದರಿಕೆಯೂ ಆಯಿತು.

*

ಹೊಸ ಮಾತ್ರೆ ಶುರು ಮಾಡುವ ದಿನ ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡಿದ್ದರು. ಗಂಡನ ಹಿಂದೆ ಆಕೆಯೂ ನಿಂತಿದ್ದಳು.

"ಈ ಮಾತ್ರೆ ಇನ್ನೂ ಸಂಶೋಧನೆಯಲ್ಲಿದೆ. ಗೆಡ್ಡೆಗೆ 'ಬೆಳಿ, ಬೆಳಿ' ಅಂತ ಹೇಳೋ ಒಂದು ಸ್ವಿಚ್ ಇದೆಯಲ್ಲ, ಅದನ್ನ ಆರಿಸುತ್ತೆ. ಪೂರ್ತಿ ವಾಸಿ ಮಾಡುತ್ತೆ ಅನ್ನಲ್ಲ. ತಡೆದು ಹಿಡಿಯುತ್ತೆ."

"ಎಷ್ಟು ದಿನ ಮೇಡಂ?" ಡ್ರೈವರ್ ಕೇಳಿದ್ದ.

"ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಸರಾಸರಿ ಅನ್ನೋದು ಊರಿನ ಲೆಕ್ಕ, ನಿಮ್ಮದಲ್ಲ. ಆದ್ರೆ ಈ ಕಾಯಿಲೆ ಭಾರಿ ಕಿಲಾಡಿ. ಒಂದು ದಾರಿ ಮುಚ್ಚಿದ್ರೆ ಇನ್ನೊಂದು ಹುಡುಕುತ್ತೆ. ಮಿದುಳಿಗೂ ಹೋಗಬಹುದು. ಚಿಕ್ಕದಿರುವಾಗ ಸಿಕ್ಕಿದ್ರೆ ಆ ಜಾಗಕ್ಕಷ್ಟೇ ಕಿರಣ ಬಿಟ್ಟು ಸುಡಬಹುದು, ಮಾತ್ರೆ ಬದಲಾಯಿಸಬಹುದು. ಎಷ್ಟೋ ಜನ ಆಮೇಲೂ ಚೆನ್ನಾಗಿದಾರೆ. ಅದಕ್ಕೇ, ಏನೇ ವ್ಯತ್ಯಾಸ ಕಂಡ್ರೂ ಬಂದು ಹೇಳಿ. ನಾಚಿಕೊಳ್ಬೇಡಿ, ಮುಂದಕ್ಕೆ ಹಾಕ್ಬೇಡಿ."

ಇಬ್ಬರೂ ಸ್ಕೂಲು ಮಕ್ಕಳ ಹಾಗೆ ತಲೆಯಾಡಿಸಿದ್ದರು. ಮಾತ್ರೆ ಕೆಲಸ ಮಾಡಿತು. ಕೆಮ್ಮು ನಿಂತಿತು, ಊಟ ಸೇರಿತು. ಒಂದು ವರ್ಷದ ಮೇಲೂ ಡ್ರೈವರ್ ಮೆಟ್ಟಿಲು ಹತ್ತಿಳಿದುಕೊಂಡು ಗಟ್ಟಿಯಾಗಿಯೇ ಇದ್ದ.

ಆಮೇಲೊಂದು ದಿನ ತಟ್ಟೆಯ ಬಲಗಡೆ ಪೂರ್ತಿ ಖಾಲಿ, ಎಡಗಡೆ ಅನ್ನ ಹಾಗೇ ಇತ್ತು.

"ಯಾಕೆ, ಸೇರಲಿಲ್ವಾ?"

"ಎಲ್ಲಾ ತಿಂದೆನಲ್ಲೇ."

ಆಕೆ ತಮಾಷೆಗೆಂದು ತಟ್ಟೆ ತಿರುಗಿಸಿಟ್ಟಳು. "ಅರೆ, ಮತ್ತೆ ಬಡಿಸಿದ್ಯಾ?" ಎಂದು ಅದನ್ನೂ ತಿಂದ. ಆಕೆ ನಕ್ಕು ನಕ್ಕು ಸುಸ್ತಾದಳು. ಮಾರನೆ ದಿನವೂ ಹಾಗೇ ಆಯಿತು. ಆಮೇಲೆ ಅದೊಂದು ರೂಢಿಯೇ ಆಗಿಹೋಯಿತು: ಅವನು ಅರ್ಧ ಉಣ್ಣುವುದು, ಆಕೆ ಬಾಯಿ ಮುಚ್ಚಿಕೊಂಡು ತಟ್ಟೆ ತಿರುಗಿಸುವುದು. ನಗು ಯಾವತ್ತು ನಿಂತಿತೋ ಗೊತ್ತಿಲ್ಲ. ತಿರುಗಿಸುವುದು ಮಾತ್ರ ಎರಡು ತಿಂಗಳು ನಿಲ್ಲಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹುಚ್ಚು ಭಯ. ಕೊನೆಗೆ ಅವನು ಬಚ್ಚಲಲ್ಲಿ ಬಿದ್ದು, ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಮಿದುಳಲ್ಲಿ ಗೆಡ್ಡೆ ಒಂದೇ ಜಾಗದಲ್ಲಿ ಉಳಿದಿರಲಿಲ್ಲ.

*

"ಅಷ್ಟೇನಾ?" ಎಂದ ಸಲೂನಿನವನು. "ತಲೆನೋವಿಲ್ಲ, ಏನಿಲ್ಲ. ಬರೀ ತಟ್ಟೆ?"

"ಬರೀ ತಟ್ಟೆ. ಅವರಿಗೆ ಎಡಗಡೆ ಅನ್ನೋದೇ ಇಲ್ದಂಗಾಗಿತ್ತು. ಇಲ್ಲ ಅನ್ನೋದೂ ಅವರಿಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ದು ನಂಗೊಬ್ಬಳಿಗೆ."

"ನೀವ್ ಬೇಜಾರ್ ಮಾಡ್ಕೋಬೇಡಿ ಅತ್ತಿಗೆ. ಯಾರಿಗೆ ಹೊಳೆಯುತ್ತೆ ಹೇಳಿ?"

"ನಿಮ್ಮ ಸ್ಕ್ಯಾನ್ ಯಾವಾಗ?"

"ಇನ್ನೂ ದೂರ ಇದೆ. ನಾನು ಗುಂಡುಕಲ್ಲಿನ ಹಾಗಿದೀನಿ. ಕೈ ನೋಡಿ, ಒಂಚೂರಾದ್ರೂ ನಡುಗುತ್ತಾ?"

ನಡುಗುತ್ತಿರಲಿಲ್ಲ. ಮಂಚವನ್ನು ನಡುಮನೆಗೆ ಎಳೆದು ಹಾಕಿದ್ದರು. ಅವನು ಅಂಗಡಿಯಲ್ಲಿ ಕುರ್ಚಿಯ ಹಿಂದೆ ನಿಲ್ಲುವಂತೆ ತಲೆಯ ಕಡೆ ನಿಂತು, ಬಾಗಿ, ಕತ್ತಿ ಎಳೆದ. ಕರಕರ ಸದ್ದು ಹೊಸಿಲಾಚೆಗೂ ಕೇಳಿಸಿತು. ನೊರೆಯ ಅಡಿಯಿಂದ ಗಂಡನ ಕೆನ್ನೆ ಹೊರಬರುವುದನ್ನು ನೋಡುತ್ತಿದ್ದ ಆಕೆಗೆ ಈಗ ಅಳು ತಡೆಯಲಾಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಟೀ ಅಂದ್ರಲ್ಲ, ಬರ್ಲೇ ಇಲ್ಲ?" ಎಂದ ಸಲೂನಿನವನು ಯಾರಿಗೋ.

ಆಕೆ ಸೆರಗು ತೆಗೆದಳು. ಅವನ ಎಡಗಡೆ ಸ್ಟೂಲಿನ ಮೇಲೆ ಟೀ ಕೆನೆಗಟ್ಟಿ ಕೂತಿತ್ತು.

ಅವನು ಕತ್ತಿ ಒರೆಸಿ ಮಡಿಸಿದ. ಒಂದು ಹೆಜ್ಜೆ ಹಿಂದೆ ಸರಿದು ತನ್ನ ಕೆಲಸವನ್ನು ತೃಪ್ತಿಯಿಂದ ನೋಡಿದ. "ಮುಗೀತು ಅತ್ತಿಗೆ. ನೋಡಿ, ಮದುಮಗನ ಹಾಗಾದ್ರು ಅಣ್ಣ."

ಡ್ರೈವರನ ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯ ಮೇಲೆ ಆಕೆ ಹಚ್ಚಿದ ನೊರೆ ಹಚ್ಚಿದಂತೆಯೇ ಇತ್ತು.

"ಅಯ್ಯೋ, ಆ ಕಡೆ..." ಎಂದು ಬಾಯಿ ತೆರೆದ ನಾದಿನಿಯ ಮಣಿಕಟ್ಟನ್ನು ಆಕೆ ಗಟ್ಟಿಯಾಗಿ ಹಿಡಿದಳು. ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಸಲೂನಿನವನನ್ನು ಸುಮ್ಮನೆ ಕರೆದು ಕಾಲಿನ ಕಡೆ ನಿಲ್ಲಿಸಿದರೆ ಸಾಕಿತ್ತು. ಅಲ್ಲಿಂದ ನೋಡಿದರೆ ನೊರೆ ಅವನ ಬಲಕ್ಕೆ ಬೀಳುತ್ತದೆ. ಅರೆ, ಇದನ್ನ ಯಾರು ಬಿಟ್ರು ಎಂದು ತಾನೇ ನಕ್ಕು ಮುಗಿಸುತ್ತಾನೆ. ಯಾರೂ ಏನೂ ಹೇಳಬೇಕಾಗಿಲ್ಲ. ತಟ್ಟೆ ತಿರುಗಿಸಿದಷ್ಟೇ ಸಲೀಸು.

ಆಕೆ ಮಂಚ ಸುತ್ತಿ ಅವನ ಹತ್ತಿರ ಹೋದಳು.

"ಗಾಡಿ ಕಾಯಲಿ," ಎಂದಳು ಕಂಡಕ್ಟರಿಗೆ. "ಇವರನ್ನ ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರಾದ್ರೂ ನೋಡು. ಈಗಲೇ."

"ಯಾರನ್ನ? ನನ್ನಾ?" ಸಲೂನಿನವನು ನಕ್ಕ. "ನಂಗೇನಾಗಿದೆ ಅತ್ತಿಗೆ?"

ಆಕೆ ಅವನ ಬಲಗೈ ಹಿಡಿದು, ಗಂಡನ ಎಡಗೆನ್ನೆಯ ಮೇಲಿಟ್ಟು ಒತ್ತಿದಳು.

ಸಲೂನಿನವನು ಕೈ ಬಿಡಿಸಿಕೊಂಡು ಮುಖದ ಮುಂದೆ ಹಿಡಿದ. ನಾಲ್ಕೂ ಬೆರಳಿಗೆ ಬಿಳಿ ನೊರೆ ಮೆತ್ತಿಕೊಂಡಿತ್ತು. ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿದ, ಮತ್ತೊಮ್ಮೆ ಉಜ್ಜಿ ನೋಡಿದ.