ಗಡಿಕಲ್ಲಿನ ಈಚೆಯ ಬೆಂಕಿ

ಸಂಡೂರಿನ ಗುಡ್ಡಕ್ಕೆ ಬೆಂಕಿ ಬಿದ್ದು ಅಂದಿಗೆ ಐದನೆಯ ದಿನ. ಹೊಳೆಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಳಗೆ ಗಂಡ ಮೂಕಣ್ಣ ಗೋಡೆಗೊರಗಿ ಒಂದೊಂದು ಉಸಿರಿಗೂ ಹೆಗಲೆತ್ತಿ ಒದ್ದಾಡುತ್ತಿದ್ದ. ಹದಿನಾಲ್ಕು ವರ್ಷ ಗಣಿಯಲ್ಲಿ ಕಲ್ಲು ಕೊರೆದ ಎದೆ ಅದು. ಧೂಳು ಕುಡಿದು ಮೊದಲೇ ಅರ್ಧವಾಗಿತ್ತು. ಈಗ ಹೊಗೆ. ಕಿಟಕಿಗೆ ಒದ್ದೆ ಸೀರೆ ಕಟ್ಟಿದರೂ ಸಂದಿಗೊಂದಿಯಿಂದ ನುಗ್ಗುತ್ತಿತ್ತು.

ಅವನನ್ನು ಸಂಡೂರಿನ ದವಾಖಾನೆಗೆ ಮುಟ್ಟಿಸಬೇಕು, ಅಷ್ಟೇ. ಆ ಅಷ್ಟೇ ಎನ್ನುವುದೇ ಆಗುತ್ತಿರಲಿಲ್ಲ. ದಾರಿ ಕಾಣುವುದಿಲ್ಲವೆಂದು ಬಸ್ಸು ನಿಂತು ಮೂರು ದಿನವಾಗಿತ್ತು. ಆಟೋದವರು ಕೈಮುಗಿದಿದ್ದರು. ಆಂಬುಲೆನ್ಸಿನವರು, ದಾರಿ ಸರಿಯಿದೆ ಎಂದು ಅರಣ್ಯದವರು ಮೊದಲು ತಿಳಿಸಲಿ ಎಂದರು. ಅರಣ್ಯದವರು, ಉರಿಯುತ್ತಿರುವುದು ಮುಚ್ಚಿದ ಗಣಿಯ ಜಾಗ, ನಮ್ಮ ಗಡಿಕಲ್ಲಿನ ಆಚೆಯದು, ತಾಲ್ಲೂಕು ಕಚೇರಿಗೆ ಹೇಳಿ ಎಂದರು. ತಾಲ್ಲೂಕು ಕಚೇರಿಯವರು, ಹುಲ್ಲು ಗಿಡ ಏನಿದ್ದರೂ ಅರಣ್ಯದವರದು ಎಂದರು. ಇದನ್ನೆಲ್ಲ ಬೆಂಕಿಗೆ ಯಾರು ಓದಿ ಹೇಳಬೇಕು? ಅದು ತನ್ನ ಪಾಡಿಗೆ ತಾನು ಊರಿನತ್ತ ಇಳಿಯುತ್ತಿತ್ತು.

ಬೆಳಕು ಹರಿಯುವಾಗ ಗಾಳಿ ತಗ್ಗಿತು. ಹೊಳೆಮ್ಮ ನೆರೆಮನೆಯ ಉಚ್ಚೆಂಗಮ್ಮನನ್ನು ಕರೆದುಕೊಂಡು ಬಂಡಿದಾರಿಗೆ ಹೋದಳು. ಎದುರು ಬೆಂಕಿ ಕೊಡುವುದು ಗುಡ್ಡದ ಬುಡದವರಿಗೆ ಹಿರಿಯರಿಂದ ಬಂದ ಕೆಲಸ: ಬರುವ ಬೆಂಕಿಗೆ ತಿನ್ನಲು ಹುಲ್ಲೇ ಉಳಿಯದಂತೆ ತಾವೇ ಮೊದಲು ಸುಟ್ಟುಬಿಡುವುದು. ಹೊಳೆಮ್ಮ ದಾರಿಯಂಚಿನ ಒಣಹುಲ್ಲಿಗೆ ಕಡ್ಡಿ ಗೀರಿದಳು. ದಾರಿ ದಾಟಿ ಬಂದದ್ದನ್ನು ಇಬ್ಬರೂ ಹಸಿ ಸೊಪ್ಪಿನಿಂದ ಬಡಿಬಡಿದು ಆರಿಸಿದರು. ಮನೆಗಳು ಉಳಿದವು. ಹೊಗೆ ಮಾತ್ರ ಇಮ್ಮಡಿಯಾಯಿತು. ಮನೆಗೆ ಬಂದು ನೋಡಿದರೆ ಮೂಕಣ್ಣನ ತುಟಿಗಳು ನೀಲಿಗಟ್ಟಿದ್ದವು. ಕೈಯಾರೆ ಗಂಡನನ್ನು ಕೊಂದೆನೇನೋ ಎಂದುಕೊಳ್ಳುತ್ತ ಕಿಟಕಿಯ ಸೀರೆಯನ್ನು ಮತ್ತೆ ನೀರಿಗೆ ಅದ್ದಿ ಕಟ್ಟಿದಳು.

ಒಂಬತ್ತಕ್ಕೆ ಜೀಪು ಬಂತು. ಐದು ದಿನ ಕಣ್ಣಿಗೆ ಬೀಳದ ಸರ್ಕಾರ ಅದೇ ಹೊಗೆಯಲ್ಲಿ, ಅದೇ ದಾರಿಯಲ್ಲಿ ಇಬ್ಬರು ಗಾರ್ಡುಗಳು ಮತ್ತು ಫಾರೆಸ್ಟರ್ ದುರುಗೇಶನ ಸಮೇತ ಬಂದಿಳಿಯಿತು. ಬಂಡಿದಾರಿ ಗಡಿಕಲ್ಲಿನ ಈಚೆಗಿತ್ತು, ಎಂದರೆ ಅರಣ್ಯದವರ ಜಾಗದಲ್ಲಿ. ಹೊಳೆಮ್ಮ ಕಲ್ಲು ನೋಡಿ ಕಡ್ಡಿ ಗೀರಿರಲಿಲ್ಲ. ಅರಣ್ಯದೊಳಗೆ ಬೆಂಕಿಯೆಂದು ಉಪಗ್ರಹವೇ ದುರುಗೇಶನ ಮೊಬೈಲಿಗೆ ಚಾಡಿ ಹೇಳಿತ್ತು.

“ಇದನ್ನ ಯಾರ್ ಹಚ್ಚಿದ್ರಿ?” ದುರುಗೇಶ್ ಕೇಳಿದ. “ಸುಳ್ಳು ಹೇಳಬ್ಯಾಡ್ರಿ.”

ಹೊಳೆಮ್ಮನ ಮನೆ ಮುಂದೆ ಜನ ಸೇರಿದ್ದರು. ಉಚ್ಚೆಂಗಮ್ಮ ಬಾಯಿ ತೆರೆಯುವಷ್ಟರಲ್ಲಿ ಹೊಳೆಮ್ಮ ಅವಳ ಕೈ ಚಿವುಟಿದಳು. ಹೊಳೆಮ್ಮನ ಕಣ್ಣು ಜೀಪಿನ ಹಿಂದಿನ ಸೀಟಿನ ಮೇಲಿತ್ತು. ಕಟ್ಟಿಗೆ ಕಡಿದನೆಂದು ತನ್ನ ತಮ್ಮ ಹುಲುಗೇಶನನ್ನು ಅರಣ್ಯದವರು ಹಿಡಿದಾಗ ಅವಳೇ ಕಂಡಿದ್ದಳು: ಹಿಡಿದವರನ್ನು ಕೋರ್ಟಿಗೆ ಒಯ್ಯುವ ಮೊದಲು ದವಾಖಾನೆಯಲ್ಲಿ ಡಾಕ್ಟರಿಗೆ ತೋರಿಸಲೇಬೇಕು.

“ನಾನ ಹಚ್ಚೀನ್ರಿ. ನಮ್ಮನಿಯವ್ರು ಕಡ್ಡಿಪೆಟಿಗಿ ಕೊಟ್ಟಾರ. ಇಬ್ಬರ್ನೂ ಹಿಡಕೊಂಡು ಹೋಗ್ರಿ.”

ದುರುಗೇಶ್ ಒಳಗೆ ಇಣುಕಿದ. “ಇವ್ರಾ? ಇವ್ರಿಗೆ ಎದ್ದು ನಿಲ್ಲಾಕ ಆಗವಲ್ದು.”

“ಕಡ್ಡಿಪೆಟಿಗಿ ಕೊಡಾಕ ನಿಲ್ಲಬೇಕೇನ್ರಿ?”

“ಯಕ್ಕಾ, ಇದು ಫಾರೆಸ್ಟ್ ಕೇಸು. ಜಲ್ದಿ ಬಿಡಂಗಿಲ್ಲ.”

“ಬ್ಯಾಡ ಬಿಡ್ರಿ. ಗುಡ್ಡದ ಬೆಂಕಿನೂ ನಂದ ಅಂತ ಬರ್ಕೋರಿ. ಅದಕ್ಕ ಇನ್ನೂ ಯಾರೂ ಸಿಕ್ಕಿಲ್ಲಲ್ಲ. ಆದ್ರ ಅವ್ರು ನನ್ನ ಸಂಗಾಟ ಬರಬೇಕು.”

ದುರುಗೇಶ್ ಮೂಕಣ್ಣನ ತುಟಿ ನೋಡಿದ. ಅವಳ ಮುಖ ನೋಡಿದ. ಆಮೇಲೆ ಗಾರ್ಡುಗಳ ಕಡೆ ತಿರುಗಿ, “ಇಬ್ರೂ ಆರೋಪಿಗಳು. ಮೆಲ್ಲಕ ಎತ್ತಿ ಕುಂದ್ರಸ್ರಿ,” ಎಂದ.

ಸಂಡೂರಿನಲ್ಲಿ ಆಕ್ಸಿಜನ್ ಹಾಕಿ ಅರ್ಧ ಗಂಟೆಯಾದ ಮೇಲೆ ಮೂಕಣ್ಣನ ಹೆಗಲು ಇಳಿಯಿತು. ಮಾಸ್ಕ್ ಸರಿಸಿ, “ನಾ ಯಾವಾಗ ಕೊಟ್ಟೆ ಕಡ್ಡಿಪೆಟಿಗಿ?” ಎಂದ.

“ಸುಮ್ನ ಉಸಿರಾಡ್ರಿ,” ಎಂದು ಅವಳು ಮಾಸ್ಕ್ ಸರಿಮಾಡಿದಳು.

ಹೊರಗೆ ಫೋನು ಮುಗಿಸಿ ಬಂದ ದುರುಗೇಶ್ ಕಾಗದ ಹಿಡಿದು ನಿಂತ. ಅವಳ ಮುಖ ನೋಡಲಾಗದೆ ಮಂಚದ ಕಾಲು ನೋಡುತ್ತಿದ್ದ.

“ಅವ್ರ ಹೆಸರು ಬಿಟ್ಟೀನಿ, ಯಕ್ಕಾ. ನಿಂದು ಬಿಡಾಕ ಆಗಲಿಲ್ಲ. ಗುಡ್ಡದ್ದೂ ಸೇರಿಸು ಅಂದ್ರು ಮ್ಯಾಲಿನವ್ರು. ಅವ್ರಿಗೆ ಯಾರರ ಒಬ್ರು ಬೇಕಾಗಿತ್ತು.”

ಹೊಳೆಮ್ಮನಿಗೆ ಸಿಟ್ಟು ಬರಬೇಕಿತ್ತು. ಐದು ದಿನದಲ್ಲಿ ಅದೆಲ್ಲ ಖರ್ಚಾಗಿತ್ತು. ಪೆನ್ನು ಇಸಿದುಕೊಂಡಳು.

“ನಾ ಒಳಗ ಇರೋ ತನಕ ಇವ್ರನ್ನ ಊರಿಗೆ ಕಳಸಬ್ಯಾಡ್ರಿ,” ಎಂದಳು, ಸಹಿ ಹಾಕುತ್ತ. “ಗುಡ್ಡ ಇನ್ನೂ ಉರಿಯಾಕ ಹತ್ತೇತಿ.”