ಒಂದೇ ಮೋಡದಡಿ ಎರಡು ಡಿಶ್

ಮಳೆ ಬಂದರೆ ಎಲ್ಲರೂ ಸೂರು ಹುಡುಕುತ್ತಾರೆ. ನಮ್ಮ ಸಿಗ್ನಲ್ ಸಾಹೇಬರು ಫೋನು ಹುಡುಕುತ್ತಿದ್ದರು. ಉಪಗ್ರಹ ಕೇಂದ್ರದ ಎಂಜಿನಿಯರರಾದ ಅವರು, ಬೆಟ್ಟದಾಚೆ ಮೂವತ್ತು ಕಿಲೋಮೀಟರು ದೂರದಲ್ಲಿ ಕೇಬಲ್ಲು ಮಾರಿಕೊಂಡಿದ್ದ ನನಗೆ, ಗಿರಾಕಿ ಎದುರಿಗಿದ್ದರೂ ಸರಿಯೇ, ಕರೆ ಮಾಡಿ, ಕುಶಲ ಕೂಡ ಕೇಳದೆ, "ಅಲ್ಲಿ ಸುರೀತಿದ್ಯಾ?" ಎನ್ನುವರು. ಇಲ್ಲವೆಂದರೆ, "ಕೂತಲ್ಲೇ ಹೇಳ್ಬೇಡಿ ಸಾಹುಕಾರ್ರೇ, ಹೊರಗೆ ಹೋಗಿ ನೋಡಿ" ಎಂದು ಗದರುವರು. ಮೂರು ವರ್ಷ ಹೀಗೆ ನನ್ನನ್ನು ಬೀದಿಗೆಬ್ಬಿಸಿ, ಆಕಾಶ ನೋಡಿಸಿ, ಮೊಣಕೈ ಸವೆದ ಕೋಟಿನ ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು.

ದಟ್ಟ ಮಳೆ ಉಪಗ್ರಹದ ಸಂಕೇತವನ್ನು ದಾರಿಯಲ್ಲೇ ಕುಡಿದುಬಿಡುತ್ತದೆ; ಆದರೆ ಅಂಥ ಮಳೆಯ ಹರವು ಕಿರಿದು. ಇನ್ನೂರ ಹನ್ನೆರಡು ಜಡಿಮಳೆಗಳಲ್ಲಿ ಬೆಟ್ಟದ ಎರಡೂ ಬದಿ ಒಮ್ಮೆಗೇ ತೊಯ್ದದ್ದು ಒಂಬತ್ತೇ ಸಲ. ನನ್ನ ಕಡೆ ಇನ್ನೊಂದು ಡಿಶ್ ನೆಟ್ಟು, ಎರಡನ್ನೂ ನೆಲದಡಿಯ ಕೇಬಲ್ಲಿನಿಂದ ಜೋಡಿಸಿದರೆ, ಒಂದು ಕುರುಡಾದಾಗ ಇನ್ನೊಂದಕ್ಕೆ ಕಾಣುತ್ತದೆ. ಇಷ್ಟೇ ಅವರ ವಾದ. ಅವರ ತಂಗಿ ದ್ವೀಪವೊಂದರ ಆಸ್ಪತ್ರೆಯಲ್ಲಿ ದಾದಿ. ದೊಡ್ಡಾಸ್ಪತ್ರೆಯ ವೈದ್ಯರ ಸಲಹೆ ಆಕೆಗೆ ತಲುಪುತ್ತಿದ್ದುದು ಈ ಕೇಂದ್ರದ ಮೂಲಕ ಮಾತ್ರ.

ಮೇಲಧಿಕಾರಿಗಳು ಎರಡನೇ ಡಿಶ್ ಮಂಜೂರು ಮಾಡಿ, ಮೊದಲನೆಯದರ ಪಕ್ಕದಲ್ಲೇ ನೆಡಿಸಿದರು. ಒಬ್ಬ ಕಾವಲುಗಾರ ಸಾಕಾಗುತ್ತದಂತೆ. ಅದಕ್ಕೂ ಕೇಬಲ್ಲು ಮಾರಿದವನು ನಾನೇ. ವ್ಯಾಪಾರಿಗೆ ಮೋಡ ಒಂದಾದರೇನು, ಎರಡಾದರೇನು. ಒಪ್ಪಿಗೆ ಪತ್ರ ಮುಂದಿಟ್ಟಾಗ ಸಾಹೇಬರು ಸಹಿ ಮಾಡದೆ ಪೆನ್ನಿನ ಮುಚ್ಚಳ ಹಾಕಿ, "ಕಾವಲುಗಾರನಿಗೆ ಒಂದು ಕೊಡೆ ಕೊಡಿ ಸಾರ್, ಅವನಾದ್ರೂ ನೆನೆಯದೆ ಇರ್ಲಿ" ಎಂದರಂತೆ. ಅವರಿಗೆ ಉಗ್ರಾಣಕ್ಕೆ ವರ್ಗವಾಯಿತು.

ಆ ಮಳೆಗಾಲದ ಒಂದು ಮಧ್ಯಾಹ್ನ ಎರಡೂ ಡಿಶ್ಶುಗಳು ಕೂಡಿಯೇ ಕುರುಡಾದವು. ದ್ವೀಪದಲ್ಲಿ ಹೆರಿಗೆಯ ನಡುವೆ ವೈದ್ಯರ ಧ್ವನಿ ನಿಂತು, ನಲವತ್ತು ನಿಮಿಷ ತಂಗಿ ಒಬ್ಬಳೇ. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ನನ್ನ ಅಂಗಡಿಯ ಮುಂದೆ ಅಂದು ನಿಚ್ಚಳ ಬಿಸಿಲು.

ಬೆಟ್ಟದಾಚೆಯ ಕೇಂದ್ರ ಮರುವರ್ಷವೇ ಎದ್ದಿತು. ಉದ್ಘಾಟನೆಯ ಭಾಷಣಗಳಲ್ಲಿ ಆಡಳಿತದ ದೂರದೃಷ್ಟಿಯ ಗುಣಗಾನವೋ ಗುಣಗಾನ. ಕೊನೆಗೂ ನಿಮ್ಮ ಮಾತೇ ಗೆದ್ದಿತೆಂದು ನಾನು ಸಾಹೇಬರನ್ನು ಸಮಾಧಾನಪಡಿಸಹೋದೆ.

"ಗೆಲ್ಲೋಕೆ ನಾನೇನು ಪಂದ್ಯ ಕಟ್ಟಿದ್ನೇನ್ರೀ? ಆವತ್ತೇ ಕೇಳಿದ್ರೆ ಆ ಮಗು ಈಗ ನಡೀತಿತ್ತು."

ಇಂಥವರಿಗೆ ನಾವು ಮುಂಗೋಪಿಗಳೆಂದು ಹೆಸರಿಡುತ್ತೇವೆ. ಹಾಗೆ ಹೆಸರಿಟ್ಟರೆ ಅವರ ಮಾತು ಕೇಳುವ ಕಷ್ಟ ತಪ್ಪುತ್ತದೆ. ಮೊದಲು ಮೆಲ್ಲಗೆ ಹೇಳಿರುತ್ತಾರೆ, ಆಮೇಲೆ ಬರೆದು ಕೊಟ್ಟಿರುತ್ತಾರೆ, ಆಮೇಲೆ ಬೇಡಿಕೊಂಡೂ ಇರುತ್ತಾರೆ. ದನಿ ಏರಿದ ದಿನ ಮಾತ್ರ ನಾವು ತಲೆಯೆತ್ತಿ, ಎಂಥ ಒರಟು ಮನುಷ್ಯ ಎನ್ನುತ್ತೇವೆ.