ಹದಿನೈದನೇ ಡೆಕ್ಕಿನ ಬಾಗಿಲು

ಮೊಬೀಲ್ ಬಂದರು ಬಿಟ್ಟ ಎರಡನೆಯ ದಿನ ಬೆಳಗ್ಗೆ ಹಡಗಿನ ಊಟದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವರ್ನೀಟಾ ಹೇಗೋ ಕಿಟಕಿ ಪಕ್ಕದ ಮೇಜೊಂದನ್ನು ಹಿಡಿದು, ಅಮ್ಮನ ತಟ್ಟೆಯಲ್ಲಿದ್ದ ಸಾಸೇಜನ್ನು ಸಣ್ಣಗೆ ಹೆಚ್ಚುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕೈ ಅದು, ರಜೆಯಲ್ಲೂ ಸುಮ್ಮನಿರುತ್ತಿರಲಿಲ್ಲ.

ಅಮ್ಮ ಒಡೆಸ್ಸಾ ಟಾಲಿವರ್‌ಗೆ ಎಂಬತ್ತೆರಡು. ಜೋಳದ ಗಂಜಿಯನ್ನು ಒಂದು ಚಮಚ ಬಾಯಿಗಿಟ್ಟುಕೊಂಡು ಮುಖ ಹಿಂಡಿದಳು.

"ಇದಕ್ಕೆ ಗಂಜಿ ಅಂತಾರಾ? ಗೋಡೆಗೆ ಬಳಿಯೋ ಸುಣ್ಣ ಇದ್ದಂಗಿದೆ. ಮಾಡಿದವನ ಅಮ್ಮ ಅವನಿಗೆ ಏನೂ ಕಲಿಸಿಲ್ಲ."

ವರ್ನೀಟಾ ನಕ್ಕಳು. ಇಂಥ ಮಾತು ಬಂತೆಂದರೆ ಅಮ್ಮನಿಗೆ ಇವತ್ತು ಒಳ್ಳೆಯ ದಿನ. ಮರೆವು ಶುರುವಾಗಿ ಮೂರು ವರ್ಷವಾಗಿತ್ತು. ಕೆಲವು ದಿನ ಎಲ್ಲವೂ ನೆನಪಿರುತ್ತಿತ್ತು. ಕೆಲವು ದಿನ ಅರವತ್ತು ವರ್ಷಗಳು ನಡುವಿನಿಂದ ಉದುರಿಹೋಗಿ, ಅವಳು ಗಲ್ಫ್‌ಪೋರ್ಟ್‌ನ ಕಡಲತೀರದ ಹೋಟೆಲಿಗೆ ಕೆಲಸಕ್ಕೆ ಹೊರಟುಬಿಡುತ್ತಿದ್ದಳು.

"ಜೂನಿಯರ್ ಎಲ್ಲಿ?" ಒಡೆಸ್ಸಾ ಮೂರನೆಯ ಸಲ ಕೇಳಿದಳು.

ಅಷ್ಟರಲ್ಲಿ ವರ್ನೀಟಾಳ ತಮ್ಮ ಥರ್ಮನ್ ಬಂದ. ಮನೆಯಲ್ಲಿ ಅಮ್ಮ ಒಬ್ಬಳೇ ಅವನನ್ನು ಜೂನಿಯರ್ ಎಂದು ಕರೆಯುತ್ತಿದ್ದದ್ದು. ಬಗ್ಗಿ ಅವಳ ಕೆನ್ನೆಗೆ ಮುತ್ತಿಟ್ಟ. ಅವನ ಮಣಿಕಟ್ಟಿನಲ್ಲಿ ಚಿನ್ನದ ಬಣ್ಣದ ಪಟ್ಟಿಯಿತ್ತು. ಹದಿನೈದನೇ ಡೆಕ್ಕಿನ, ಎಂದರೆ ಹಡಗಿನ ಮೇಲಂತಸ್ತಿನ, ಮುಂಭಾಗಕ್ಕೆ ಹೋಗಲು ಆ ಪಟ್ಟಿ ಬೇಕು. ಅದಕ್ಕೆ ತಲೆಗೆ ದಿನಕ್ಕೆ ತೊಂಬತ್ತು ಡಾಲರ್ ಬೇರೆ. ಅಲ್ಲಿ ಮೆತ್ತನೆಯ ಮಂಚಗಳು, ತಣ್ಣನೆಯ ಟವಲು, ಎದುರಿಗೆ ಬರೀ ಕಡಲು.

"ನಾನೂ ನಿನ್ ಜೊತೆ ಬರ್ತೀನಿ ಕಣೋ," ಎಂದಳು ಒಡೆಸ್ಸಾ.

"ಮಧ್ಯಾಹ್ನ ನಾನೇ ಬರ್ತೀನಮ್ಮ. ಊಟ ಒಟ್ಟಿಗೆ ಮಾಡೋಣ."

ವರ್ನೀಟಾ ಅವನನ್ನು ಪಕ್ಕಕ್ಕೆ ಕರೆದಳು. "ಅಮ್ಮಂಗೂ ಒಂದು ಪಟ್ಟಿ ತಗೊಳ್ಳೋಕೆ ಏನಾಗಿತ್ತು ನಿಂಗೆ? ಈ ಪ್ರಯಾಣ ಯಾರಿಗೋಸ್ಕರ?"

"ಟಿಕೆಟ್ ತೆಗೆಸಿದ್ದು ಯಾರು? ನಿಂದು, ಅಮ್ಮಂದು, ಎಲ್ಲಾ ನಾನೇ ಅಲ್ವಾ?"

"ನಾನು ಅದನ್ನ ಕೇಳ್ಲಿಲ್ಲ."

ಥರ್ಮನ್ ಮುಖ ಉಜ್ಜಿಕೊಂಡ. ಅವನಿಗೆ ಎರಡು ಟೈರ್ ಅಂಗಡಿಗಳಿದ್ದವು. ಇಪ್ಪತ್ತಾರು ವರ್ಷಗಳಲ್ಲಿ ಇದು ಅವನ ಮೊದಲ ರಜೆ. "ಭಾನುವಾರಾನೂ ಜನ ಶಟರ್ ಬಡೀತಾರೆ, ವರ್ನೀಟಾ. ಐದು ದಿನ, ಬರೀ ಐದು ದಿನ ನಿಶ್ಶಬ್ದವಾಗಿರೋಣ ಅಂತ ದುಡ್ಡು ಕೊಟ್ಟಿದ್ದೀನಿ. ಅಲ್ಲಿ ಯಾರೂ ಜೋರಾಗಿ ಮಾತಾಡೋ ಹಾಗಿಲ್ಲ. ಅಮ್ಮ ಬಂದ್ರೆ ಕಂಡೋರನ್ನೆಲ್ಲ ಮಾತಾಡಿಸ್ತಾಳೆ, ಕೇಳಿದ್ದನ್ನೇ ಹತ್ತು ಸಲ ಕೇಳ್ತಾಳೆ. ಜನ ತಿರುಗಿ ನೋಡ್ತಾರೆ."

"ಓಹೋ. ಅಮ್ಮ ಈಗ ಗಲಾಟೆ ಆಗೋದ್ಲು."

"ನಾನು ಹಾಗಂದ್ನಾ?"

"ಇನ್ನು ಹೇಗೆ ಅನ್ನಬೇಕಿತ್ತು?"

ಅವನು ಲಿಫ್ಟಿನ ಕಡೆ ನಡೆದ.

ಹನ್ನೊಂದು ಗಂಟೆಯ ಹೊತ್ತಿಗೆ ವರ್ನೀಟಾ ಅಮ್ಮನನ್ನು ಈಜುಕೊಳದ ಪಕ್ಕದ ನೆರಳಿನಲ್ಲಿ ಕೂರಿಸಿದಳು. ಅಲ್ಲಿ ಕುರ್ಚಿ ಸಿಕ್ಕಿದ್ದೇ ಪುಣ್ಯ. ಪಕ್ಕದ ಕುರ್ಚಿಯ ಹೆಂಗಸು ಬೀಸಣಿಗೆ ಬೀಸಿಕೊಳ್ಳುತ್ತ ಗೊಣಗುತ್ತಿದ್ದಳು: "ಹೋದ ಸಲ ಬಂದಾಗ ಆ ಮುಂಭಾಗ ಎಲ್ಲರಿಗೂ ಇತ್ತು. ಈಗ ಗಾಜಿನ ಬಾಗಿಲು ಹಾಕಿದ್ದಾರೆ. ನಮ್ಮನ್ನೆಲ್ಲ ಇಲ್ಲಿ ಕುರಿ ತುಂಬಿದ ಹಾಗೆ ತುಂಬಿದ್ದಾರೆ."

ಅಮ್ಮನ ಮಾತ್ರೆ ಕೋಣೆಯಲ್ಲೇ ಉಳಿದದ್ದು ವರ್ನೀಟಾಗೆ ಆಗ ನೆನಪಾಯಿತು. "ಐದು ನಿಮಿಷ ನೋಡ್ಕೋತೀರಾ?" ಎಂದು ಆ ಹೆಂಗಸಿಗೆ ಹೇಳಿ ಇಳಿದುಹೋದಳು. ಕೋಣೆ ಎರಡನೇ ಡೆಕ್ಕಿನಲ್ಲಿತ್ತು. ಲಿಫ್ಟುಗಳೆಲ್ಲ ತುಂಬಿ ಬರುತ್ತಿದ್ದವು. ಅವಳು ತಿರುಗಿ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಕುರ್ಚಿ ಖಾಲಿಯಿತ್ತು.

"ಮಗನ್ನ ನೋಡ್ಬೇಕು ಅಂತ ಎದ್ರು," ಎಂದಳು ಬೀಸಣಿಗೆಯವಳು. "ನಿಮಗೆ ದಾರೀಲಿ ಸಿಗ್ತಾರೆ ಅಂದ್ಕೊಂಡೆ. ಅಯ್ಯೋ, ಸಿಗ್ಲಿಲ್ವಾ?"

ವರ್ನೀಟಾ ಮೆಟ್ಟಿಲು ಹತ್ತಿಯೇ ಹದಿನೈದನೇ ಡೆಕ್ಕಿಗೆ ಹೋದಳು. ಮಬ್ಬುಗಾಜಿನ ಬಾಗಿಲ ಮುಂದೆ ಬಿಳಿ ಅಂಗಿಯ ಹುಡುಗಿಯೊಬ್ಬಳು ನಿಂತಿದ್ದಳು. ಎದೆಯ ಮೇಲೆ ಹೆಸರು: ಮರಿಸೆಲ್, ಫಿಲಿಪೀನ್ಸ್.

"ವಯಸ್ಸಾದವರು, ನೀಲಿ ಸ್ವೆಟರ್, ಇಲ್ಲಿಗೆ ಬಂದಿದ್ರಾ?"

"ಬಂದಿದ್ರು ಮೇಡಂ. ಪಟ್ಟಿ ಇರ್ಲಿಲ್ಲ, ವಾಪಸ್ ಕಳಿಸ್ದೆ. ಆಗ್ಲೇ ಇಪ್ಪತ್ತು ನಿಮಿಷ ಆಯ್ತು."

"ಒಳಗೆ ನನ್ನ ತಮ್ಮ ಇದ್ದಾನೆ. ಕರೀರಿ."

"ಒಳಗಿನೋರನ್ನ ಎಬ್ಬಿಸೋ ಹಾಗಿಲ್ಲ ಮೇಡಂ, ಫೋನ್..." ವರ್ನೀಟಾಳ ಮುಖ ನೋಡಿ ಮರಿಸೆಲ್ ಅರ್ಧಕ್ಕೇ ನಿಲ್ಲಿಸಿದಳು. ಬಾಗಿಲು ತಳ್ಳಿ ಒಳಗೆ ಓಡಿದಳು.

ಥರ್ಮನ್ ಹೆಗಲ ಮೇಲಿನ ಟವಲಿನೊಂದಿಗೇ ಹೊರಗೆ ಬಂದ. ಸಂಗತಿ ಕೇಳಿ ಟವಲನ್ನು ಅಲ್ಲೇ ಎಸೆದ. "ನಿನ್ನ ಹತ್ರ ಹೋಗಿರ್ತಾಳೆ ಅಂದ್ಕೊಂಡೆ," ಎಂದ. ಆ ಮಾತಿನಲ್ಲೇನೋ ಸರಿಯಿಲ್ಲವೆಂದು ವರ್ನೀಟಾಗೆ ಅನ್ನಿಸಿತು. ಯೋಚಿಸಲು ಸಮಯವಿರಲಿಲ್ಲ.

ಹೆಂಗಸರ ಶೌಚಾಲಯಗಳು, ನಾಟಕದ ಸಭಾಂಗಣ, ಜೂಜಿನ ಮೇಜುಗಳ ನಡುವೆ, ಕೋಣೆಗಳ ಉದ್ದುದ್ದ ಓಣಿಗಳಲ್ಲಿ ಇಬ್ಬರೂ ಹುಡುಕಿದರು. ಅಮ್ಮನ ಹೆಸರನ್ನು ಧ್ವನಿವರ್ಧಕದಲ್ಲಿ ಎರಡು ಸಲ ಕೂಗಿದರು. ಮೂರು ಸಾವಿರ ಜನ ಹಡಗಿನಲ್ಲಿ ಉಣ್ಣುತ್ತಿದ್ದರು, ಈಜುತ್ತಿದ್ದರು, ಹಾಡಿಗೆ ಕುಣಿಯುತ್ತಿದ್ದರು. ನೀಲಿ ಸ್ವೆಟರಿನ ಮುದುಕಿಯನ್ನು ಕಂಡವರು ಯಾರೂ ಇರಲಿಲ್ಲ.

ಒಂದು ಗಂಟೆಗೆ ಭದ್ರತಾ ಅಧಿಕಾರಿ ಬಂದು ಮೆಲ್ಲಗೆ ಕೇಳಿದ: "ನಿಮ್ಮ ತಾಯಿ ಬೇಜಾರಲ್ಲಿದ್ರಾ? ಕಂಬಿ ಹತ್ರ ನಿಂತ್ಕೊಳ್ಳೋ ಅಭ್ಯಾಸ ಏನಾದ್ರೂ..."

ಪ್ರಶ್ನೆ ಅರ್ಥವಾಗುತ್ತಲೇ ವರ್ನೀಟಾ ಡೆಕ್ಕಿನ ಅಂಚಿಗೆ ಓಡಿದಳು. ಕಂಬಿ ಹಿಡಿದು ಕೆಳಗೆ ನೋಡಿದಳು. ಹಡಗು ಸೀಳಿಕೊಂಡು ಹೋದ ನೀರು ಬಿಳಿ ನೊರೆಯಾಗಿ ಹಿಂದಕ್ಕೆ ಓಡುತ್ತಿತ್ತು. ಇಪ್ಪತ್ತು ನಿಮಿಷ ಮೊದಲು ಬಿದ್ದವರು ಈಗ ಎಷ್ಟು ಹಿಂದೆ ಇರುತ್ತಾರೆ? ಒಂದೂವರೆ ಗಂಟೆ ಮೊದಲು ಬಿದ್ದವರು?

"ಹಡಗು ತಿರುಗಿಸಿ!" ಥರ್ಮನ್ ಅಧಿಕಾರಿಯ ತೋಳು ಹಿಡಿದು ಕಿರುಚಿದ. "ಎಷ್ಟು ಬೇಕೋ ತಗೊಳ್ಳಿ, ಕೊಡ್ತೀನಿ, ತಿರುಗಿಸಿ!"

"ಹಾಗೆ ಆಗಲ್ಲ ಸರ್. ಕಂಬಿಗಳ ಕ್ಯಾಮೆರಾ ಒಂದೊಂದಾಗಿ ನೋಡ್ತಿದ್ದೀವಿ."

"ದುಡ್ಡು ಕೊಡ್ತಾನಂತೆ," ಎಂದಳು ವರ್ನೀಟಾ. ಅವಳ ದನಿ ಅವಳದೇ ಎನ್ನಿಸಲಿಲ್ಲ. "ತೊಂಬತ್ತು ಡಾಲರಿಗೆ ಮುಗೀತಿತ್ತಲ್ಲೋ."

ಥರ್ಮನ್ ಅಧಿಕಾರಿಯ ತೋಳು ಬಿಟ್ಟ.

ವರ್ನೀಟಾ ಮತ್ತೆ ಹದಿನೈದನೇ ಡೆಕ್ಕಿಗೆ ಹೋದಳು. ಅಮ್ಮ ಕೊನೆಯದಾಗಿ ನಿಂತಿದ್ದ ಜಾಗ ಅದೊಂದೇ ಅವಳಿಗೆ ಗೊತ್ತಿದ್ದದ್ದು. ಥರ್ಮನ್ ಹಿಂದೆಯೇ ಬಂದ. ಮರಿಸೆಲ್ ಇನ್ನೂ ಅಲ್ಲೇ ನಿಂತಿದ್ದಳು, ಅತ್ತು ಕಣ್ಣು ಕೆಂಪಾಗಿತ್ತು.

"ಅಮ್ಮಂಗೆ ನೀನು ಏನಂದೆ?" ವರ್ನೀಟಾ ಕೇಳಿದಳು. "ಅಂದ ಮಾತೇ ಹೇಳು."

"ಕೆಟ್ಟದಾಗಿ ಹೇಳ್ಲಿಲ್ಲ ಮೇಡಂ, ದೇವರಾಣೆ. 'ಕ್ಷಮಿಸಿ ಅಜ್ಜಿ, ಈ ಬಾಗಿಲು ನಿಮಗಲ್ಲ' ಅಂದೆ. ಅವರು ಒಂದು ಗಳಿಗೆ ನನ್ನ ಬಟ್ಟೆ ನೋಡಿದ್ರು. ಆಮೇಲೆ ತಲೆ ತಗ್ಗಿಸಿ, 'ತಪ್ಪಾಯ್ತು ಮಿಸ್, ಮರೆತಿದ್ದೆ' ಅಂದು ಹೋದ್ರು."

ಆ ಮಾತನ್ನು ವರ್ನೀಟಾ ಮೊದಲೇ ಕೇಳಿದ್ದಳು.

ಹದಿಮೂರನೆಯ ವಯಸ್ಸಿನಲ್ಲಿ ಒಡೆಸ್ಸಾ ಗಲ್ಫ್‌ಪೋರ್ಟ್‌ನ ಆ ಹೋಟೆಲಿನಲ್ಲಿ ಹಾಸಿಗೆ ಬದಲಿಸುವ ಕೆಲಸಕ್ಕೆ ಸೇರಿದ್ದಳು. ಆಗೆಲ್ಲ ಅವರಂಥ ಕಪ್ಪು ಜನ ಮುಂಬಾಗಿಲಿಗೆ ಕಾಲಿಡುವಂತಿರಲಿಲ್ಲ. ಮೊದಲ ದಿನ ತಿಳಿಯದೆ ಅಲ್ಲಿ ನಿಂತವಳಿಗೆ ಬಾಗಿಲಿನವನು ಇದೇ ಮಾತು ಹೇಳಿದ್ದ. ಆಮೇಲೆ ಎಷ್ಟೋ ವರ್ಷ ಅವಳು ಅಡುಗೆಮನೆಯ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿಯೇ ಕೆಲಸಕ್ಕೆ ಹೋದಳು. ಮಕ್ಕಳು ಚಿಕ್ಕವರಿದ್ದಾಗ ಅದನ್ನು ನಗುನಗುತ್ತಲೇ ಹೇಳುತ್ತಿದ್ದಳು: ಮುಂದೆ ಬೇಡ ಅಂದ್ರೆ ಹಿಂದಿನಿಂದ ಹೋಗು, ಕೈಯಲ್ಲಿ ಏನಾದ್ರೂ ಹಿಡ್ಕೊಂಡಿರು, ಯಾರೂ ಕೇಳಲ್ಲ.

"ಇಲ್ಲಿಗೆ ಹಿಂಬಾಗಿಲು ಎಲ್ಲಿದೆ?"

"ಹಡಗಿಗೆ ಹಿಂಬಾಗಿಲು ಎಲ್ಲಿರುತ್ತೆ ಮೇಡಂ?"

"ನೀನು ಹೇಗೆ ಬರ್ತೀಯ ಇಲ್ಲಿಗೆ? ದಿನಾ ಯಾವ ದಾರೀಲಿ ಬರ್ತೀಯ?"

ಮರಿಸೆಲ್‌ಳ ಕೈ ತಾನಾಗಿ ಬಾಯಿಗೆ ಹೋಯಿತು. ಮರುಗಳಿಗೆ ಅವಳು ಗೋಡೆಯಂತೆಯೇ ಬಣ್ಣ ಬಳಿದಿದ್ದ ಕದವೊಂದನ್ನು ತಳ್ಳಿ, "ಬನ್ನಿ," ಎಂದಳು.

ಒಳಗೆ ರತ್ನಗಂಬಳಿ ಇರಲಿಲ್ಲ, ತಂಪೂ ಇರಲಿಲ್ಲ. ಬರೀ ಉಕ್ಕಿನ ಮೆಟ್ಟಿಲು, ಸೋಪು ಮತ್ತು ಕರಿದ ಎಣ್ಣೆಯ ವಾಸನೆ, ಒಲೆಯ ಬಾಯಿಯಂಥ ಸೆಕೆ. ಮೂರು ಅಂತಸ್ತು ಇಳಿದಿದ್ದರು. ತಿರುವಿನಲ್ಲಿ ಒಡೆಸ್ಸಾ ಬಿದ್ದಿದ್ದಳು. ಒಂದು ಕಾಲು ವಿಚಿತ್ರವಾಗಿ ಹೊರಳಿತ್ತು. ಕೆಳಗಿನ ಡೆಕ್ಕಿನಲ್ಲಿ ಯಾವುದೋ ಗಾಡಿಯಿಂದ ಎತ್ತಿಕೊಂಡು ಬಂದಿದ್ದ ನಾಲ್ಕು ಟವಲುಗಳು ಅವಳ ಎದೆಯ ಮೇಲಿದ್ದವು. ನಾಲ್ಕೂ ನೀಟಾಗಿ ಮಡಿಸಿದ್ದವು. ಎರಡೂ ತೋಳಿನಿಂದ ಅವನ್ನು ಅವಚಿಕೊಂಡಿದ್ದಳು.

"ಅಮ್ಮ!" ಥರ್ಮನ್ ಮೊಣಕಾಲೂರಿದ.

ಅವಳ ತುಟಿ ಒಡೆದಿತ್ತು. ಕಣ್ಣು ತೆರೆದು ಅವನನ್ನು ನೋಡಿದಳು, ಅವನ ಬಿಳಿ ಅಂಗಿ ನೋಡಿದಳು. ಎದ್ದು ಕೂರಲು ನೋಡಿ, ನೋವಿಗೆ ನರಳಿದಳು.

"ಸರ್, ನಾನು ಮುಂದಿನಿಂದ ಬರ್ಲಿಲ್ಲ. ಹಿಂದಿನಿಂದಲೇ ಬಂದೆ. ಯಾರ ಕಣ್ಣಿಗೂ ಬಿದ್ದಿಲ್ಲ ಸರ್."

ಹಡಗಿನ ಆಸ್ಪತ್ರೆಯ ವೈದ್ಯೆ ಸೊಂಟದ ಮೂಳೆ ಮುರಿದಿದೆ ಎಂದಳು. ಮೈಯಲ್ಲಿ ನೀರು ಬತ್ತಿದೆ, ರಕ್ತದೊತ್ತಡ ಕುಸಿದಿದೆ. ಬಂದರು ಮುಟ್ಟುವುದು ನಾಳೆ ಬೆಳಗ್ಗೆ. "ಈ ವಯಸ್ಸಿಗೆ ನಾನು ಯಾವ ಮಾತೂ ಕೊಡಲಾರೆ," ಎಂದು ಪರದೆ ಎಳೆದಳು.

ಓಣಿಯ ಬೆಂಚಿನಲ್ಲಿ ಅಕ್ಕ ತಮ್ಮ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಮೂರು ಗಂಟೆಗೆ ಭದ್ರತಾ ಅಧಿಕಾರಿ ಘಟನೆಯ ವರದಿಯ ಕಾಗದ ಹಿಡಿದು ಬಂದ. ಮರಿಸೆಲ್ ಅವನ ಹಿಂದೆ ನಿಂತಿದ್ದಳು. ತುಂಬ ವಿಷಾದವಾಗಿದೆ ಎಂದ. ಉಳಿದ ದಿನಗಳಿಗೆ ಇಡೀ ಕುಟುಂಬಕ್ಕೆ ಹದಿನೈದನೇ ಡೆಕ್ಕು ಉಚಿತ ಎಂದ. ಕೊನೆಗೆ, "ಬಾಗಿಲ ಹತ್ತಿರ ಇದ್ದವಳು ಕೂಡಲೇ ನಮಗೆ ತಿಳಿಸಬೇಕಿತ್ತು. ನಾಳೆ ಬಂದರಿನಿಂದಲೇ ಅವಳನ್ನ ಊರಿಗೆ ಕಳಿಸ್ತೀವಿ. ಇಲ್ಲೊಂದು ಸಹಿ ಹಾಕಿ ಸರ್," ಎಂದ.

ಮರಿಸೆಲ್ ಯಾರನ್ನೂ ಬೇಡಿಕೊಳ್ಳಲಿಲ್ಲ. "ಒಳಗೆ ಬಿಟ್ಟಿದ್ರೂ ನನ್ನ ಕಳಿಸ್ತಿದ್ರು," ಎಂದಳು ನೆಲ ನೋಡುತ್ತ. "ಬಿಡದೇ ಇದ್ದದ್ದಕ್ಕೂ ಕಳಿಸ್ತಿದ್ದಾರೆ. ಊರಲ್ಲಿ ನನಗೂ ಅಮ್ಮ ಇದ್ದಾಳೆ ಸರ್. ಅವರು ಪ್ರಯಾಣಿಕರ ಮೆಟ್ಟಿಲ ಕಡೆ ತಿರುಗಿದಾಗ ಹಿಂದೆ ಹೋಗ್ಬೇಕು ಅನ್ನಿಸ್ತು. ಬಾಗಿಲು ಬಿಟ್ಟು ಹೋಗೋ ಹಾಗಿರ್ಲಿಲ್ಲ."

ಥರ್ಮನ್ ಕಾಗದವನ್ನು ಬಹಳ ಹೊತ್ತು ಓದಿದ. ಪೆನ್ನು ತೆಗೆದುಕೊಂಡು, ತಪ್ಪನ್ನು ಮರಿಸೆಲ್ ಮೇಲೆ ಹೊರಿಸಿದ್ದ ಸಾಲನ್ನು ಹೊಡೆದುಹಾಕಿದ. ಕೆಳಗೆ ಖಾಲಿಯಿದ್ದ ಜಾಗದಲ್ಲಿ ನಿಧಾನವಾಗಿ ಬರೆದ. ಅಧಿಕಾರಿ ಬಗ್ಗಿ ನೋಡಿ, "ಇದನ್ನೆಲ್ಲ ಬರೆಯೋ ಅಗತ್ಯವಿಲ್ಲ ಸರ್," ಎಂದ.

"ಇದೆ."

ಅವನು ಕಾಗದವನ್ನು ಮೊದಲು ಅಕ್ಕನಿಗೆ ಕೊಟ್ಟ. ವರ್ನೀಟಾ ಓದಿದಳು.

'ನನ್ನ ತಾಯಿ ಬಾಗಿಲಿಗೆ ಬಂದು, ಜೂನಿಯರ್ ಒಳಗಿದ್ದಾನೆಯೇ ಎಂದು ಕೇಳಿದಳು. ನಾನು ಹತ್ತು ಹೆಜ್ಜೆ ದೂರದಲ್ಲಿ ಮಲಗಿದ್ದೆ. ಎಚ್ಚರವಾಗಿದ್ದೆ. ಅವಳ ದನಿ ನನಗೆ ಕೇಳಿಸಿತು. ಜನ ನೋಡುತ್ತಾರೆಂದು ನಾನು ಏಳಲಿಲ್ಲ. ಅಕ್ಕ ಬಂದು ಕರೆದುಕೊಂಡು ಹೋಗುತ್ತಾಳೆ ಎಂದುಕೊಂಡೆ. ಈ ಹುಡುಗಿಯ ತಪ್ಪೇನೂ ಇಲ್ಲ.'

ಅವಳು ಅವನನ್ನು ಹೊಡೆಯಬಹುದಿತ್ತು. ಅವನು ತಲೆಯೆತ್ತಿ, ಬರುವುದೆಲ್ಲ ಬರಲಿ ಎಂಬಂತೆ ಕಾಯುತ್ತಿದ್ದ. ಅವಳು ಕಾಗದ ಅವನ ಕೈಗಿಟ್ಟಳು.

"ಸಹಿ ಹಾಕು," ಎಂದಳು. "ಹಾಕಿ ಒಳಗೆ ಹೋಗು. ಅವಳು ಕೇಳ್ತಾ ಇದ್ದದ್ದು ನಿನ್ನನ್ನ."

ಅಧಿಕಾರಿ ಆ ಕಾಗದವನ್ನು ಮೇಲಿನವರಿಗೆ ಕೊಂಡೊಯ್ದ. ಮರಿಸೆಲ್‌ಳನ್ನು ಊರಿಗೆ ಕಳಿಸುವುದಿಲ್ಲ, ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕುತ್ತಾರೆ ಎಂಬ ಸುದ್ದಿ ಸಂಜೆ ಬಂತು.

ಥರ್ಮನ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅಮ್ಮನ ಕೈ ಹಿಡಿದುಕೊಂಡ. ಸೂಜಿ ಚುಚ್ಚಿದ್ದ ಆ ಕೈ ತಣ್ಣಗಿತ್ತು. "ಅಮ್ಮ, ನಾನು," ಎಂದ. "ಜೂನಿಯರ್."

ಒಡೆಸ್ಸಾ ಅರೆಗಣ್ಣು ತೆರೆದಳು. ಗುರುತು ಹತ್ತಲಿಲ್ಲ. ಆದರೂ ಆ ಹೆಸರಿಗೆ ಅವಳ ಮುಖದಲ್ಲಿ ಏನೋ ಆಡಿತು.

"ಅವನು ಮೇಲಿದ್ದಾನೆ ಸರ್," ಎಂದಳು ಗುಟ್ಟು ಹೇಳುವವಳಂತೆ. "ನನ್ನ ಮಗ. ಎಬ್ಬಿಸ್ಬೇಡಿ. ಪಾಪ, ತುಂಬ ದಣಿದಿದ್ದಾನೆ."

ಥರ್ಮನ್ ಆ ಕೈಗೆ ಹಣೆಯೊತ್ತಿದ.

"ಎದ್ದಿದ್ದಾನಮ್ಮ," ಎಂದ. "ಎದ್ದು ಬಂದಿದ್ದಾನೆ."